ಆ ಪುಸ್ತಕದಲ್ಲಿ ತೆಂಗಿನ ಮರವಿಲ್ಲ

ನಾನು ಓದು ಕಲಿತದ್ದು ಅರವತ್ತೊಂಬತ್ತನೆಯ ವಯಸ್ಸಿಗೆ, ಬೈಬಲಿನಲ್ಲಿ. ಮನೆಯಲ್ಲಿ ಬೇರೆ ಪುಸ್ತಕವೇ ಇರಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದರು. ಪಂಚಾಂಗವಿತ್ತು, ಅದರ ಅಕ್ಷರ ಸಾಸಿವೆಯಷ್ಟು. ಬೈಬಲಿನ ಅಕ್ಷರ ಹುರುಳಿಕಾಳಿನಷ್ಟು. ಅಷ್ಟೇ ಕಾರಣ. ದೇವರು ಕರೆದ, ಕನಸಿನಲ್ಲಿ ಬಂದ ಅನ್ನುವುದೆಲ್ಲ ಇಲ್ಲ. ನನ್ನ ಹಣೆಯ ಮೇಲಿನ ವಿಭೂತಿ ಆಗಲೂ ಇತ್ತು, ಈಗಲೂ ಇದೆ.

ಪುಸ್ತಕ ನರ್ಸಮ್ಮನದು. ಕೊಳ್ಳೇಗಾಲದ ಕಡೆಯವಳು, ಕ್ರೈಸ್ತರ ಪೈಕಿ. ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬಂದಾಗ ಯಾರೂ ಮನೆ ಕೊಡಲಿಲ್ಲ. ನನ್ನ ಮನೆಯ ಮುಂದಿನ ಕೋಣೆ ಖಾಲಿ ಇತ್ತು, ಕೊಟ್ಟೆ. ಅವಳ ತಾಯಿಗೆ ಕಣ್ಣು ಮಂಜಾದಾಗ ದಪ್ಪಕ್ಷರದ ಬೈಬಲ್ ತೆಗೆಸಿಕೊಂಡಿದ್ದರಂತೆ. ತಾಯಿ ತೀರಿಕೊಂಡ ಮೇಲೆ ಇವಳಿಗೆ ಬಂದಿತ್ತು. ಕಪ್ಪು ಹೊದಿಕೆ, ಒಂದು ಸೇರು ರಾಗಿಯಷ್ಟು ಭಾರ.

ನಮ್ಮೂರು ಬಿಳಿಗೆರೆಯಿಂದ ಒಳಕ್ಕೆ. ಸುತ್ತ ತೆಂಗೇ. ನನ್ನ ಗಂಡ ಸತ್ತು ಹದಿನೆಂಟು ವರ್ಷ, ಮಕ್ಕಳಿಲ್ಲ. ತೋಟದಲ್ಲಿ ಅರ್ಧ ನನ್ನದು, ಅರ್ಧ ಮೈದುನನದು, ನಡುವೆ ಒಂದು ನೀರಿನ ಕಾಲುವೆ. ನಾನು ಸತ್ತ ಮೇಲೆ ಪೂರ್ತಿ ಅವನದು. ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅವನು ಬೆಳಿಗ್ಗೆ ಹಲ್ಲುಜ್ಜುತ್ತಾ ಕಾಲುವೆಯ ಆಚೆ ನಿಂತು ನನ್ನ ಮರಗಳನ್ನು ನೋಡುವ ನೋಟದಲ್ಲಿ ಇರುತ್ತದೆ.

ಪುಸ್ತಕ ಮನೆಯೊಳಗೆ ಬಂದ ದಿನವೇ ಅದರ ಮೇಲೆ ಮಾತು ಹುಟ್ಟಿತು. ಅದಕ್ಕೆ ಹಾಕಿರುವುದು ದನದ ಚರ್ಮ ಎಂದರು. ಕೊನೆಯ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಒತ್ತಿದರೆ ಕುಲ ಹೋಯಿತು ಎಂದರು. ಮನೆದೇವರನ್ನು ಬಾವಿಗೆ ಹಾಕು ಎಂದು ಮೊದಲ ಸಾಲಿನಲ್ಲೇ ಬರೆದಿದೆ ಎಂದರು. ನಾನು ಕೊನೆಯ ಹಾಳೆ ತಿರುವಿ ನೋಡಿದೆ, ಖಾಲಿ. ಮೊದಲ ಸಾಲು ಓದಲು ನನಗೆ ಹದಿನೈದು ದಿನ ಹಿಡಿಯಿತು. ಆಕಾಶ ಭೂಮಿ ಆದದ್ದು ಹೇಗೆ ಎಂದಿತ್ತು. ಬಾವಿಯ ಸುದ್ದಿ ಬಹಳ ಹಿಂದೆ ಎಲ್ಲೋ ಬಂತು. ಅಲ್ಲಿ ಕುರಿ ಕಾಯುವವರು ಬಾವಿ ತೋಡುತ್ತಾರೆ, ಪಕ್ಕದವರು ಬಂದು ನಮ್ಮ ನೀರು ಎಂದು ಜಗಳ ತೆಗೆಯುತ್ತಾರೆ, ಇವರು ಮುಂದೆ ಹೋಗಿ ಇನ್ನೊಂದು ತೋಡುತ್ತಾರೆ. ಬೋರ್‌ವೆಲ್ ಜಗಳ ನೋಡಿದ ನನಗೆ ಹೊಸದೇನಲ್ಲ.

ಅದು ಇಂಗ್ಲಿಷರ ಪುಸ್ತಕ ಎಂದು ನಾನೂ ನಂಬಿದ್ದೆ. ಪ್ಯಾಂಟು ಟೋಪಿಯವರು ಯಾವಾಗ ಬರುತ್ತಾರೆ ಎಂದು ಕಾದೆ. ಒಬ್ಬನೂ ಬರಲಿಲ್ಲ. ಬರೀ ಕುರಿಯವರು, ಕತ್ತೆಯ ಮೇಲೆ ಕೂತವರು, ಡೇರೆಯಲ್ಲಿ ಮಲಗುವವರು. ಬೇಸಿಗೆಯಲ್ಲಿ ಹುಳಿಯಾರಿನ ಕಡೆಯಿಂದ ತೋಟದೊಳಗೆ ಕುರಿಮಂದೆ ನಿಲ್ಲಿಸಲು ಬರುತ್ತಾರಲ್ಲ, ಅಂಥವರು. ಬೈಬಲ್ ಅನ್ನುವ ಮಾತನ್ನೂ ಹುಡುಕಿದೆ. ಹೊದಿಕೆಯ ಮೇಲೆ ಇದೆ, ಒಳಗೆ ಎಲ್ಲೂ ಸಿಗಲಿಲ್ಲ. ನರ್ಸಮ್ಮನನ್ನು ಕೇಳಿದರೆ ಅವಳೂ ಯೋಚನೆಗೆ ಬಿದ್ದಳು.

ಸಂಜೆ ಐದಕ್ಕೆ ಅವಳು ಕೆಲಸದಿಂದ ಬಂದು ಕಾಫಿ ಕುಡಿದ ಮೇಲೆ ಜಗಲಿಯಲ್ಲಿ ಪಾಠ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಹೂ ಕಟ್ಟುತ್ತಾ ಕತೆ ಮುಂದಾಗಿಯೇ ಹೇಳಿಬಿಡುತ್ತಿದ್ದಳು.

"ಒಂದು ಸೇಬು ತಿಂದಿದ್ದಕ್ಕೆ ಅಜ್ಜಿ, ನಮಗೆಲ್ಲ ಈ ಗತಿ."

ಆ ತೋಟದ ಪುಟ ಮುಗಿಸಲು ನನಗೆ ವಾರವಾಯಿತು. ಮುಗಿಸಿದ ಮೇಲೆ ಕೇಳಿದೆ. "ಸೇಬು ಎಲ್ಲೈತೆ ತೋರ್ಸು."

ಅವಳು ಹೂ ಕೆಳಗಿಟ್ಟು ಪುಟವನ್ನು ಎರಡು ಸಲ ನೋಡಿದಳು. "ಹಣ್ಣು ಅಂತ ಅಷ್ಟೇ ಇದೆ."

"ಅದೇ ನಾನು ಕೇಳಿದ್ದು. ಸೇಬು ಯಾರು ಮಾರಿದ್ರು ನಿನಗೆ?"

"ಚಿಕ್ಕವಳಿಂದ ಚಿತ್ರದಲ್ಲಿ ಸೇಬೇ ಅಜ್ಜಿ, ಕೆಂಪಗೆ."

"ಹಾವು ಅಂದ್ರೆ ಸೈತಾನ ಅಂದ್ಯಲ್ಲ, ಅದೂ ಇಲ್ಲಿಲ್ಲ. ಹಾವು ಅಂತಲೇ ಐತೆ. ಬಲೇ ಚಾಲಾಕಿ ಹಾವು."

ಅವಳು ನಕ್ಕಳು. ಚೆನ್ನಾಗಿ ಓದಲು ಬಲ್ಲವರು ಪುಟದಲ್ಲಿ ಇಲ್ಲದ್ದನ್ನೂ ಓದಿಬಿಡುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ. ನನಗೆ ಆ ಶಕ್ತಿ ಇರಲಿಲ್ಲ. ಅಕ್ಷರ ಇದ್ದಷ್ಟೇ ನನಗೆ ಸಿಗುತ್ತಿತ್ತು. ದೋಣಿ ಕಟ್ಟಿದ ಮುದುಕ ಎಲ್ಲ ಪ್ರಾಣಿಗಳನ್ನೂ ಒಂದೊಂದು ಜೋಡಿ ಒಯ್ದ ಎಂದು ಅವಳು ಹೇಳಿದ್ದಳು. ಮುಂದಿನ ಪುಟದಲ್ಲಿ ಶುದ್ಧ ಪ್ರಾಣಿಗಳಾದರೆ ಏಳೇಳು ಎಂದಿತ್ತು. ಕ್ರಿಸ್‌ಮಸ್ಸಿಗೆ ಅವಳು ಕೋಣೆಯಲ್ಲಿ ಕೊಟ್ಟಿಗೆ ಕಟ್ಟಿ ಮೂರು ರಾಜರ ಬೊಂಬೆ ಇಟ್ಟಳು. ಆ ಪುಟವನ್ನು ಹುಡುಕಿಸಿ ಓದಿದೆ. ಬಂದವರು ರಾಜರೆಂದೂ ಇಲ್ಲ, ಮೂವರೆಂದೂ ಇಲ್ಲ. ತಂದ ಉಡುಗೊರೆ ಮೂರು.

"ಪಾಠ ಹೇಳಿಸ್ಕೊಳ್ಳೋದು ನಾನೋ ನೀವೋ ಅಜ್ಜಿ?" ಎಂದಳು.

ನಕ್ಕದ್ದು ಅಷ್ಟೇ ದಿನ.

ಒಂದು ಪುಟ ಮಾತ್ರ ನನ್ನ ತಲೆಯಲ್ಲಿ ಕೂತಿತು. ಅಣ್ಣ ತಮ್ಮನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊಲ್ಲುತ್ತಾನೆ. ದೇವರು ಅವನ ಮೇಲೆ ಒಂದು ಗುರುತು ಹಾಕುತ್ತಾನೆ. ಅದು ಪಾಪಿಯ ಗುರುತು, ಕಂಡವರು ಉಗಿಯಲಿ ಎಂದು ಹಾಕಿದ್ದು ಎಂದು ನರ್ಸಮ್ಮ ಹೇಳಿದ್ದಳು. ಓದಿದರೆ ಬೇರೆ ಇತ್ತು. ಕಂಡವರು ಯಾರೂ ಇವನನ್ನು ಕೊಲ್ಲದಿರಲಿ ಎಂದು ಹಾಕಿದ ಗುರುತು ಅದು. ಶಿಕ್ಷೆ ಬೇರೆಯೇ ಕೊಟ್ಟಿದ್ದ, ಊರಿಲ್ಲದೆ ಅಲೆಯುವುದು. ಗುರುತು ಕಾಯಲಿಕ್ಕೆ.

ಪಾಠ ಶುರುವಾಗಿ ವರ್ಷದ ಮೇಲೆ ನಾಲ್ಕು ತಿಂಗಳಾಗಿರಬೇಕು, ಅಟ್ಟದಿಂದ ಕಾಯಿ ಇಳಿಸಿದೆವು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುವುದು. ಒಳಗಿನ ನೀರು ತಾನಾಗಿ ಹಿಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಕುಲುಕಿದರೆ ಒಳಗೆ ಗಡಗಡ ಅನ್ನಬೇಕು. ಸದ್ದು ಬರದ ಕಾಯಿ ಕೊಳೆತಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಅಂದು ನಾಲ್ಕು ಜನ ಹೆಂಗಸರು ಅಂಗಳದಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಅವರಲ್ಲಿ ಮೇಲಿನ ಬೀದಿಯವಳೊಬ್ಬಳು, ಸುಮ್ಮನಿರುವ ಜಾತಿಯಲ್ಲ.

"ಅಜ್ಜಿ, ನೀನು ಓದಕ್ಕೆ ಕಲ್ತಿದ್ದೀಯಂತೆ. ನಿಜವೇನೇ?"

"ಕಲ್ತಿದ್ದೀನಿ."

"ಈ ವಯಸ್ನಾಗೆ? ಯಮನ ಹತ್ರ ಅರ್ಜಿ ಬರ್ಯಕ್ಕಾ? ಓದು ನೋಡಾನ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹಮ್ಮು ಎನ್ನಬೇಕು. ಐವತ್ತು ವರ್ಷ ಹೆಬ್ಬೆಟ್ಟು ಒತ್ತಿ ಬದುಕಿದವಳು, ಈಗ ಓದುತ್ತೇನೆ ಎಂದು ತೋರಿಸಬೇಕೆನ್ನಿಸಿತು. ನರ್ಸಮ್ಮ ಕೆಲಸಕ್ಕೆ ಹೋಗಿದ್ದಳು. ಪುಸ್ತಕ ನಡುಮನೆಯಲ್ಲೇ ಇತ್ತು, ತಂದು ಹಿಂದಿನ ದಿನ ಎಲ್ಲಿ ಬೆರಳು ನಿಂತಿತ್ತೋ ಅಲ್ಲಿಂದ ಗಟ್ಟಿಯಾಗಿ ಓದಿದೆ. ಅಲ್ಲಿದ್ದದ್ದು ಹೊಳೆಯ ನೀರು ರಕ್ತವಾದ ಕತೆ. ಮಾತು ಕೇಳದ ರಾಜನ ಎದುರಿಗೆ ಕೋಲಿನಿಂದ ಹೊಡೆದಾಗ ಹೊಳೆ, ಕಾಲುವೆ, ಕೆರೆ, ಕೊನೆಗೆ ಮನೆಯ ಪಾತ್ರೆಯ ನೀರೂ ರಕ್ತವಾಯಿತು, ಮೀನು ಸತ್ತು ನಾರಿತು ಎಂದು.

ನಾನು ಓದುವುದು ನಿಧಾನ. ಒಂದು ಮಾತು ಕೂಡಿಸಿ ಹೇಳಿ, ಮತ್ತೆ ಬೆರಳು ಸರಿಸಿ ಇನ್ನೊಂದು. ಹೀಗೆ ತುಂಡು ತುಂಡಾಗಿ 'ರಕ್ತ' 'ರಕ್ತ' ಎಂದು ಅಂಗಳದಲ್ಲಿ ಬಿದ್ದಿತು. ಹೆಂಗಸರ ಕೈ ನಿಂತಿತು. ಮೇಲಿನ ಬೀದಿಯವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಸಾಕು ಬುಡು ಅಜ್ಜಿ. ಹೊತ್ತು ಮುಳುಗೋ ಹೊತ್ನಾಗೆ ಇದೇನ್ ಓದು."

ಹೊತ್ತು ಮುಳುಗಲು ಇನ್ನೂ ಬಹಳ ಇತ್ತು.

ಇಪ್ಪತ್ತು ದಿನಕ್ಕೆ ಮೈದುನನ ಕಡೆಯ ಐದು ಮರಗಳ ಕಾಂಡದಿಂದ ಕೆಂಪು ನೀರು ಸೋರಿತು. ಐದೂ ಒಂದೇ ಸಾಲು, ಕಾಲುವೆಯ ಪಕ್ಕ, ನರ್ಸಮ್ಮನ ಕಿಟಕಿಗೆ ಎದುರು. ಆಳೆತ್ತರದಲ್ಲಿ ಸೀಳು ಬಿಟ್ಟು ಕಂದುಗೆಂಪು ರಸ ಬುಡದವರೆಗೆ ಇಳಿದು ಹೆಪ್ಪುಗಟ್ಟಿತ್ತು.

ಇದು ಕಾಂಡ ಸೋರುವ ರೋಗ. ತೆಂಗು ಬೆಳೆಯುವ ನಮಗೆ ಇದು ಗೊತ್ತಿಲ್ಲದ್ದಲ್ಲ. ನನ್ನ ಅತ್ತೆ ಇದ್ದಾಗ ಎರಡು ಸಲ ಬಂದಿತ್ತು, ಉಳಿಯಿಂದ ಕೆತ್ತಿ ಬಿಸಿ ಟಾರು ಬಳಿದಿದ್ದರು. ಮೈದುನ ಆ ವರ್ಷ ಟ್ರ್ಯಾಕ್ಟರನ್ನು ಮರದ ಬುಡಕ್ಕೇ ಹೊಡೆಸಿ ಬೇರು ಹರಿಸಿದ್ದ, ಬೇಸಿಗೆಯೆಲ್ಲ ಒಣಗಿಸಿ ಆಮೇಲೆ ಒಂದೇ ಸಲ ನೀರು ನಿಲ್ಲಿಸಿದ್ದ. ರೋಗ ಬಂತು. ಈ ಊರಿನಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಆದರೂ ಯಾರೂ ರೋಗ ಅನ್ನಲಿಲ್ಲ. ಗೊತ್ತಿದ್ದವರೇ ಅನ್ನಲಿಲ್ಲ. ನನಗೆ ಭಯವಾದದ್ದು ಮರ ನೋಡಿ ಅಲ್ಲ, ಅದಕ್ಕೆ.

ಮೈದುನ ಬಂದು ಜಗಲಿಯ ಕೆಳಗೆ ನಿಂತ. ಚಪ್ಪಲಿ ಬಿಡಲಿಲ್ಲ.

"ಅತ್ಗೆ, ರಕ್ತದ ಮಂತ್ರ ಓದಿದ್ರಂತೆ ಈ ಮನೇಲಿ."

"ಮಂತ್ರ ಅಲ್ಲ, ಕತೆ."

"ಯಾರು ಓದಿದ್ದು?"

ಕೇಳಿದ ಧ್ವನಿಯಲ್ಲೇ ಅವನಿಗೆ ಯಾವ ಉತ್ತರ ಬೇಕು ಎಂದು ತಿಳಿಯಿತು. ನಾನು, "ಪುಸ್ತಕ ಆ ನರ್ಸಮ್ಮಂದು ಕಣಪ್ಪ" ಎಂದೆ.

ಸುಳ್ಳಲ್ಲ. ಆದರೆ ಅವನು ಕೇಳಿದ್ದು ಅದಲ್ಲ. ಆ ತೋಟದ ಪುಟದಲ್ಲಿ ಹಣ್ಣು ಯಾಕೆ ತಿಂದೆ ಎಂದು ಕೇಳಿದರೆ ಗಂಡಸು ಹೆಂಗಸಿನ ಕಡೆ ಕೈ ತೋರಿಸುತ್ತಾನೆ, ಹೆಂಗಸು ಹಾವಿನ ಕಡೆ. ಓದಿದಾಗ ಇವರೆಂಥ ಜನ ಎಂದು ಅಂದುಕೊಂಡಿದ್ದೆ. ನನಗೆ ಎಪ್ಪತ್ತು ವರ್ಷ, ಕೇಳಿದವನು ದೇವರೂ ಅಲ್ಲ, ನನ್ನ ಮೈದುನ. ಆದರೂ ಕೈ ತೋರಿಸಿದೆ.

ಮೈದುನ ತಲೆ ಆಡಿಸಿ ಹೋದ. ಮಾರನೆಯ ದಿನದಿಂದ ಶುರುವಾಯಿತು.

ಮೊದಲು ಹಾಲಿನವನು ಅವಳ ಪಾತ್ರೆಗೆ ಹಾಲು ಹಾಕುವುದು ಬಿಟ್ಟ. ಮರೆತೆ ಎಂದ. ಮೂರು ದಿನ ಮರೆತ. ಆಮೇಲೆ ಮೊಬೈಲಿನಲ್ಲಿ ಆ ಮರಗಳ ವಿಡಿಯೋ ಬಂತು. ಕೆಂಪು ನೀರನ್ನು ಹತ್ತಿರದಿಂದ ತೋರಿಸುತ್ತಾ ಹಿಂದೆ ಯಾರೋ ಗಂಡಸು ಮಾತಾಡುತ್ತಿದ್ದ. ನಮ್ಮ ತೆಂಗಿಗೆ ಶಾಪ ಹಾಕುವ ಪುಸ್ತಕ, ಮರ ರಕ್ತ ಕಾರುತ್ತಿದೆ, ಆ ಹೆಂಗಸು ಇರುವ ಮನೆ ಇದೇ ಎಂದು ಕೊನೆಗೆ ನನ್ನ ಜಗಲಿಯನ್ನು ತೋರಿಸಿದ್ದ. ಕಂಬಕ್ಕೆ ಒಣಗಹಾಕಿದ್ದ ನನ್ನ ಸೀರೆಯೂ ಕಂಡಿತು. ನರ್ಸಮ್ಮ ಅದನ್ನು ನನಗೆ ತೋರಿಸಿ, "ಇದು ಯಾರ ಧ್ವನಿ ಅಜ್ಜಿ?" ಎಂದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅಷ್ಟು ವರ್ಷ 'ಅತ್ಗೆ' ಎಂದು ಕರೆದ ಧ್ವನಿ.

ಆ ಗುರುವಾರ ಮಕ್ಕಳ ಚುಚ್ಚುಮದ್ದು. ಅವಳು ಅಂಗನವಾಡಿಯಲ್ಲಿ ಮಧ್ಯಾಹ್ನದವರೆಗೆ ಮಂಜುಗಡ್ಡೆಯ ಡಬ್ಬಿ ಇಟ್ಟುಕೊಂಡು ಕೂತಳು. ಒಬ್ಬಳು ತಾಯಿಯೂ ಬರಲಿಲ್ಲ. ಊರಲ್ಲಿ ಹದಿಮೂರು ಎಳೆಗೂಸು ಇದ್ದವು, ಅರ್ಧಕ್ಕೂ ಹೆಚ್ಚು ಅವಳೇ ಆಸ್ಪತ್ರೆಗೆ ಕರೆದೊಯ್ದು ಹೆರಿಗೆ ಮಾಡಿಸಿದವು.

"ಬೇರೆ ಊರಿಗೆ ಹಾಕಿ ಅಂತ ಕೇಳ್ಕೋ ತಾಯಿ" ಎಂದೆ.

"ಕೇಳಿದೀನಿ ಅಜ್ಜಿ. ಆದೇಶ ಬರೋವರೆಗೂ ಎಲ್ಲಿಗೆ ಹೋಗಲಿ? ಇಲ್ಲಿಂದ ಎಬ್ಬಿಸಿದರೆ ಸುತ್ತ ಯಾರೂ ಒಂದು ರಾತ್ರಿಗೂ ಜಾಗ ಕೊಡಲ್ಲ."

ಅದು ನಿಜ. ಅವಳಿಗಿದ್ದದ್ದು ಆ ಒಂದು ಕೋಣೆ, ಅದಕ್ಕೊಂದು ಚಿಲಕ.

ಮುಂದಿನ ವಾರ ಒಂದು ಬೆಳಿಗ್ಗೆ ಅವಳ ಹೊಸಿಲ ಮೇಲೆ ನಾಲ್ಕಾಗಿ ಸೀಳಿ ಕುಂಕುಮ ತುಂಬಿದ ನಿಂಬೆಹಣ್ಣು ಇತ್ತು. ಬಾಗಿಲಿನ ಎರಡು ಪಕ್ಕಕ್ಕೂ ಅಂಗೈಯಿಂದ ಕೆಂಪು ಬಳಿದಿದ್ದರು. ಅವಳು ಹೊಸಿಲು ದಾಟಲು ಆಗದೆ ಒಳಗೇ ನಿಂತಿದ್ದಳು. ಮಾಟ ಮಂತ್ರ ನಂಬುವುದಿಲ್ಲ ಎಂದು ಹೇಳುತ್ತಿದ್ದವಳು. ನಾನು ನಿಂಬೆಹಣ್ಣನ್ನು ಕಾಲಿನಿಂದ ಒದ್ದು ಬಚ್ಚಲಿಗೆ ಹಾಕಿ, ಸಗಣಿ ನೀರಲ್ಲಿ ಬಾಗಿಲು ತೊಳೆದೆ. ರಕ್ತದ ಹೊಳೆಯ ಕತೆಯ ಮುಂದೆ, ಬಾಗಿಲಿನ ಪಕ್ಕಕ್ಕೆ ಕುರಿಯ ರಕ್ತ ಹಚ್ಚುವುದು ಬರುತ್ತದೆ. ಅಲ್ಲಿ ಹಚ್ಚುವುದು ಸಾವು ಆ ಮನೆ ಬಿಟ್ಟು ಮುಂದೆ ಹೋಗಲಿ ಎಂದು. ನಮ್ಮೂರಲ್ಲಿ ಹಚ್ಚಿದ್ದು ಕೇಡು ಈ ಮನೆ ತಪ್ಪದಿರಲಿ ಎಂದು. ತೊಳೆದರೂ ಮರದ ಸಂದಿನಲ್ಲಿ ಕೆಂಪು ಉಳಿಯಿತು.

ಊರಿನಲ್ಲಿ ಯಾರೂ ಕೂಗಾಡಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಾನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ನಾನು ಹೊರಟ ಮೇಲೆ ಮತ್ತೆ ಶುರುವಾಗುತ್ತಿತ್ತು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಸದ್ದು ಬರದಿದ್ದರೆ ಒಳಗೆ ಕೊಳೆತದ್ದು ತಿಳಿಯುತ್ತದಲ್ಲ, ಇಡೀ ಊರು ಹಾಗಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದರು. ಮೈದುನ, ಊರಿನ ಹಿರಿಯರೊಬ್ಬರು, ಮತ್ತೆ ಎರಡು ಬೈಕಿನಲ್ಲಿ ನಾಲ್ಕು ಹುಡುಗರು. ಹುಡುಗರು ನಮ್ಮೂರಿನವರಲ್ಲ, ನಾನು ಅವರನ್ನು ಹಿಂದೆ ನೋಡಿರಲಿಲ್ಲ. ಒಬ್ಬ ಬೈಕಿನಿಂದ ಇಳಿಯದೆ ಇಂಜಿನ್ ಆರಿಸದೆ ಕೂತಿದ್ದ. ನರ್ಸಮ್ಮ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು.

ಹಿರಿಯರು ಮಾತು ತೆಗೆದರು. "ನೋಡಮ್ಮ, ನಿನ್ನ ಮೇಲೆ ನಮಗೇನೂ ಇಲ್ಲ. ರೂಮು ಇವತ್ತೇ ಖಾಲಿ ಮಾಡ್ಸು. ಆ ಪುಸ್ತಕ ನಮ್ ಕೈಗೆ ಕೊಡು."

"ಯಾಕ್ರೀ?"

"ಐದು ಮರ ಹೋದ್ವು."

"ಮರಕ್ಕೆ ರೋಗ ಬಂದೈತೆ. ಬೇರು ಹರ್ದವನು ನಿಮ್ ಪಕ್ಕದಲ್ಲೇ ನಿಂತವ್ನೆ, ಕೇಳಿ."

ಮೈದುನ ನೆಲ ನೋಡಿದ. ಬೈಕಿನಿಂದ ಇಳಿದವರಲ್ಲಿ ಗಡ್ಡದವನೊಬ್ಬ, "ತೆಂಗಿಗೆ ಶಾಪ ಐತಂತೆ ಅದ್ರಲ್ಲಿ. ಓದಿದ್ರೆ ಮರ ಒಣಗ್ತದಂತೆ" ಎಂದ.

"ಅದ್ರಲ್ಲಿ ತೆಂಗಿನ ಮರಾನೇ ಇಲ್ಲ ಕಣಪ್ಪ. ಖರ್ಜೂರ ಐತೆ, ಅಂಜೂರ ಐತೆ, ದ್ರಾಕ್ಷಿ ಐತೆ. ನಾನು ಓದಿದಷ್ಟರಲ್ಲಿ ಇಲ್ಲ, ಮಿಕ್ಕಿದ್ರಲ್ಲೂ ಇಲ್ಲ ಅಂತ ಅವಳೂ ಹುಡುಕಿ ನೋಡಿದ್ಲು. ಆ ಸೀಮೆಯೋರು ತೆಂಗು ಕಣ್ಣಲ್ಲಿ ಕಂಡಿಲ್ಲ. ಕಾಣದ ಮರಕ್ಕೆ ಹೆಂಗ್ಲಾ ಶಾಪ ಹಾಕ್ತಾರೆ?"

"ನೀನು ಓದಿದ್ದೀಯಾ?" ಎಂದು ಅವನು ನಕ್ಕ.

ಆಗ ಹೇಳಿದೆ. "ಓದಿದೋಳು ನಾನೇ. ಅವತ್ತು ಅಂಗಳದಲ್ಲಿ ರಕ್ತದ್ದು ಓದಿದ್ದೂ ನಾನೇ. ಅವಳು ಮನೇಲೇ ಇರಲಿಲ್ಲ, ಕೆಲಸಕ್ಕೆ ಹೋಗಿದ್ಲು. ನನ್ನ ಹಮ್ಮಿಗೆ ಓದಿದೆ."

ಮೈದುನ ತಲೆ ಎತ್ತಿದ. "ಸುಳ್ಳು. ಅವಳನ್ನ ಉಳಿಸಕ್ಕೆ ಹೇಳ್ತಾವ್ಳೆ. ನಮ್ಮತ್ಗೆ ಹೆಬ್ಬೆಟ್ಟು. ಪಾಲುಪತ್ರಕ್ಕೂ ಒತ್ತಿದ್ದು ಹೆಬ್ಬೆಟ್ಟೇ, ನಾನೇ ಕೈ ಹಿಡಿದು ಒತ್ಸಿದ್ದು."

ಹಿರಿಯರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ತಗೊಂಡು ಬಾ ಪುಸ್ತಕ" ಎಂದರು.

ತಂದೆ. ಹಿಂದಿನ ಸಂಜೆಯೇ ಅದನ್ನು ನನ್ನ ಕೋಣೆಯಲ್ಲಿ, ರಾಗಿ ಡಬ್ಬದ ಹಿಂದೆ ಇಟ್ಟಿದ್ದೆ. ಹಿರಿಯರು ಮುಟ್ಟಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಗೆ ಸುತ್ತಿಕೊಂಡು, ಅದರ ತುದಿಯಿಂದ ಹಾಳೆ ತಿರುವಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಓದು."

ನಾನು ಆ ಪುಟ ಮುಂಚೆ ನೋಡಿರಲಿಲ್ಲ. ಕನ್ನಡಕ ಹಾಕಿಕೊಂಡು ಬೆರಳಿಟ್ಟೆ. ಬರೀ ಹೆಸರು. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು. ನಾಲಿಗೆ ತಿರುಗದ ಹೆಸರುಗಳು. ಹೊರಗಿನ ಜನ ಈ ಪುಸ್ತಕದಲ್ಲಿ ಪುಟಕ್ಕೊಂದು ಶಾಪ ಇದೆ ಎಂದು ತಿಳಿದಿರುತ್ತಾರೆ. ಪುಟಗಟ್ಟಲೆ ಇರುವುದು ಇದೇ, ಯಾರ ಮಗ ಯಾರು, ಯಾವ ವಂಶದಲ್ಲಿ ಎಷ್ಟು ಜನ, ಡೇರೆಯ ಪರದೆ ಎಷ್ಟು ಮೊಳ. ನಾನು ಒಂದು ಹೆಸರನ್ನೂ ಬಿಡದೆ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬೆವರು ಕನ್ನಡಕದೊಳಗೆ ಇಳಿಯಿತು. ಬೈಕಿನ ಇಂಜಿನ್ ಯಾವಾಗಲೋ ನಿಂತಿತ್ತು.

"ಇದೇನಿದು, ಹೆಳವ ಬಂದು ವಂಶ ಹೇಳ್ದಂಗೈತೆ" ಎಂದರು ಹಿರಿಯರು.

"ಇನ್ನೂ ಐತೆ, ಓದ್ಲಾ?"

"ಬ್ಯಾಡ."

ಗೆದ್ದೆ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವರ ಮುಖ ನೋಡಿದೆ. ನನ್ನನ್ನು ನೋಡುವ ಕಣ್ಣು ಬದಲಾಗಿತ್ತು. ಹಿರಿಯರು ಜಗಲಿಯಿಂದ ಒಂದು ಮೆಟ್ಟಿಲು ಕೆಳಗಿಳಿದರು. ಟವಲನ್ನು ಕೈಯಿಂದ ಬಿಚ್ಚಿ, ಹೆಗಲಿಗೆ ಹಾಕಿಕೊಳ್ಳದೆ ಬೇಲಿಯ ಮೇಲೆ ಎಸೆದರು.

"ಹಂಗಾದ್ರೆ ಶಾಪ ತಂದಿದ್ದು ನೀನೇ" ಎಂದ ಗಡ್ಡದವನು.

ಮೈದುನ ನನ್ನ ಮರಗಳ ಕಡೆ ನೋಡಿದ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನಿಧಾನವಾಗಿ. ಆಮೇಲೆ ಎಲ್ಲರೂ ಹೋದರು. ಕೋಣೆ ಖಾಲಿ ಮಾಡಿಸು ಎಂದು ಮತ್ತೆ ಯಾರೂ ಹೇಳಲಿಲ್ಲ. ಅವಳ ಬಾಗಿಲಿಗೆ ಮತ್ತೆ ನಿಂಬೆಹಣ್ಣೂ ಬರಲಿಲ್ಲ.

ಮೂರು ವಾರಕ್ಕೆ ಅವಳಿಗೆ ವರ್ಗವಾಯಿತು. ಹೊರಡುವ ದಿನ ಟ್ರಂಕು, ಹಾಸಿಗೆ ಕಟ್ಟಿಟ್ಟು ಪುಸ್ತಕವನ್ನು ಚೀಲದಲ್ಲಿ ತುಂಬುತ್ತಿದ್ದಳು.

"ಅದನ್ನ ಇಲ್ಲೇ ಬುಡು" ಎಂದೆ.

"ಅಮ್ಮಂದು ಅಜ್ಜಿ."

"ಗೊತ್ತು. ಊರ ಬಾಗಿಲಲ್ಲಿ ನಾಲ್ಕು ಜನ ನಿಂತವ್ರೆ. ಚೀಲ ಬಿಚ್ಚಿ ನೋಡಿದ್ರೆ ಏನ್ ಮಾಡ್ತೀಯ? ಬೇರೆ ಊರು ಸೇರಿ ಫೋನ್ ಮಾಡು, ಆಮೇಲೆ ನೋಡಾನ."

ಅವಳು ಕೊಟ್ಟಳು. ನನ್ನ ಕಾಲಿಗೆ ಬಗ್ಗಲು ಬಂದಳು, ಬೇಡ ಎಂದೆ. ಮೊದಲ ದಿನ ಮೈದುನ ಕೇಳಿದಾಗ ನಾನು ಯಾರ ಕಡೆ ಕೈ ತೋರಿಸಿದೆ ಎಂದು ಅವಳಿಗೆ ಹೇಳಿಬಿಟ್ಟೆ. ಹೇಳದೆ ಕಳಿಸಿದ್ದರೆ ಅವಳು ನನ್ನನ್ನು ದೊಡ್ಡ ಮನುಷ್ಯಳು ಎಂದುಕೊಂಡು ಹೋಗುತ್ತಿದ್ದಳು. ಅವಳು ಚೀಲದ ಬಾಯಿ ಕಟ್ಟಿ, "ಆಟೋ ಬಂತು" ಎಂದಳು. ಊರ ಬಾಗಿಲಲ್ಲಿ ಅವಳ ಚೀಲ ಬಿಚ್ಚಿಸಿ ನೋಡಿದರಂತೆ. ಬಟ್ಟೆ, ಬೀಪಿ ನೋಡುವ ಡಬ್ಬಿ ಇತ್ತು, ಬಿಟ್ಟರು. ತಲುಪಿದೆ ಎಂದು ಸಂಜೆ ಫೋನ್ ಮಾಡಿದಳು. ಆಮೇಲೆ ಮಾಡಿಲ್ಲ.

ಪುಸ್ತಕವನ್ನು ಅಟ್ಟದಲ್ಲಿ ಕಾಯಿಗಳ ನಡುವೆ ಇಟ್ಟೆ. ಹತ್ತು ತಿಂಗಳು ಯಾರೂ ಆ ಕಡೆ ಕೈ ಹಾಕುವುದಿಲ್ಲ. ಮಧ್ಯಾಹ್ನ ಏಣಿ ಹತ್ತಿ ಅಲ್ಲೇ ಕೂತು ಓದುತ್ತೇನೆ, ಗಟ್ಟಿಯಾಗಿ ಅಲ್ಲ. ಸದ್ದು ಮಾಡದೆ ಓದುವುದನ್ನು ನನಗೆ ನಾನೇ ಕಲಿತೆ. ಇನ್ನೂ ಅರ್ಧ ಆಗಿಲ್ಲ. ಈಗ ಚಿಪ್ಪು ಬಿಡಿಸಲು ನನ್ನ ಅಂಗಳಕ್ಕೆ ಹೆಂಗಸರು ಬರುವುದಿಲ್ಲ. ಮೇಲಿನ ಬೀದಿಯವಳು ನಾನು ಎದುರಾದರೆ ಮೊಮ್ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಾಳೆ.

ಹೋದ ತಿಂಗಳು ನನ್ನ ಮನೆಯ ಮುಂದಿನ ಮರದಲ್ಲಿ ಕೆಂಪು ಕಂಡಿತು. ನಾನು ಮದುವೆಯಾಗಿ ಬಂದ ವರ್ಷ ನೆಟ್ಟ ಮರ, ದಾರಿಗೆ ಎದುರು. ಎದೆಯೆತ್ತರದಲ್ಲಿ ಬೆರಳುದ್ದದ ಗೆರೆ, ಅಷ್ಟೇ. ಕಾಲುವೆಯ ಆ ಕಡೆಯ ಐದು ಮರಕ್ಕೆ ಯಾರೂ ಟಾರು ಬಳಿಯಲಿಲ್ಲ. ಶಾಪಕ್ಕೆ ಟಾರು ಬಳಿಯುತ್ತಾರೆಯೇ? ರೋಗ ಅಲ್ಲಿಂದ ಈ ಕಡೆ ದಾಟಿತು.

ಮೊದಲು ಗೋಣಿಚೀಲ ಸುತ್ತಿ ಮುಚ್ಚಿಬಿಡೋಣ ಎನ್ನಿಸಿತು. ಮುಚ್ಚಿದರೆ ಒಳಗೇ ತಿನ್ನುತ್ತದೆ, ಮರ ಸಾಯುತ್ತದೆ. ಹಟ್ಟಿಯಿಂದ ಉಳಿ ತಂದೆ. ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೂ ಕೆತ್ತಿ, ಕೆತ್ತಿದ ಚಕ್ಕೆಯನ್ನು ಬೆಂಕಿಗೆ ಹಾಕಿದೆ. ಹಳೆಯ ಡಬ್ಬದಲ್ಲಿ ಟಾರು ಕಾಯಿಸಿ, ಕೋಲಿಗೆ ಬಟ್ಟೆ ಸುತ್ತಿ ಬಳಿದೆ. ಅಂಗೈ ಅಗಲ ಎಂದುಕೊಂಡದ್ದು ಮೊರದಷ್ಟಾಯಿತು. ದಾರಿಯಲ್ಲಿ ಹೋಗುವ ಯಾರಿಗೂ ಕಾಣದೆ ಇರಲು ಸಾಧ್ಯವಿಲ್ಲ, ಅಷ್ಟು ಕಪ್ಪು.

ಹಿಂದೆ ಸರಿದು ನೋಡುವಾಗ ಕಾಲುವೆಯ ಆಚೆ ಮೈದುನ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಅತ್ಗೆ, ನಿನ್ನ ಮರಕ್ಕೂ ಬಂತಾ?"

"ಬಂತು. ಟಾರು ಉಳ್ದೈತೆ, ಬಿಸಿ ಐತೆ. ತಗೊಂಡು ಹೋಗಿ ನಿನ್ನವಕ್ಕೆ ಬಳಿ. ಎರಡಾದ್ರೂ ಉಳೀತವೆ."

ಡಬ್ಬವನ್ನು ಕಾಲುವೆಯ ಅಂಚಿನವರೆಗೆ ಒಯ್ದು ಇಟ್ಟೆ. ಅವನು ಬಗ್ಗಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಮರದ ಕಡೆ ಹಿಡಿದ. ಆಮೇಲೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನನ್ನ ಕಡೆ ಹಿಡಿದ. ಕೈಯಲ್ಲಿ ಕೋಲು, ಸೀರೆಯ ತುಂಬ ಕಪ್ಪು, ಹಾಗೇ ನಿಂತೆ. ಅವನು ಮೆಲ್ಲಗೆ ಮಾತಾಡಲು ಶುರು ಮಾಡಿದ. ನನ್ನ ಜೊತೆ ಅಲ್ಲ, ಮೊಬೈಲಿನ ಜೊತೆ.